ಗಂಗಿಯ ದನಿ ತಂದ ರೇಡಿಯೋ

ನಾನು ಕಲಕತ್ತೆಯ ಕಾರ್ಖಾನೆಯೊಂದರಲ್ಲಿ ಹುಟ್ಟಿದ ರೇಡಿಯೋ. ಒಳಗೆ ಐದು ವಾಲ್ವು, ಹೊರಗೆ ತೇಗದ ಮೈ, ಹಿಂಡಲಿಕ್ಕೆ ಎರಡು ಕಿವಿ. ಮೈ ಬಿಸಿಯಾಗದೆ ನನಗೆ ಬಾಯಿ ಬರುತ್ತಿರಲಿಲ್ಲ. ಅಷ್ಟೂ ತಾಳ್ಮೆಯಿಲ್ಲದೆ ನನ್ನ ತಲೆಗೆ ಗುದ್ದಿದವರು ಬಹಳ ಮಂದಿ.

ಮೊದಲ ಯಜಮಾನರು ಬಾಗಲಕೋಟೆಯ ಒಬ್ಬ ಡಾಕ್ಟರು. ಇಂಗ್ಲಿಷ್ ವಾರ್ತೆ ಕೇಳುವರು, ಹಾಡು ಬಂದರೆ ಬಾಯಿ ಮುಚ್ಚಿಸುವರು. ಅವರಿಗೆ ವರ್ಗವಾದಾಗ ನಾನು ಗುಳೇದಗುಡ್ಡದ ನೇಕಾರ ರಾಚಪ್ಪನ ಮನೆ ಸೇರಿದೆ. ಮಗ್ಗದ ಎದುರಿನ ಗೋಡೆಯ ಗೂಡೇ ನನ್ನ ಜಾಗ. ರಾಚಪ್ಪ ಮಗ್ಗದ ಕೆಳಗಿನ ಕುಣಿಯಲ್ಲಿ ಕಾಲಿಳಿಬಿಟ್ಟು ಕುಬಸದ ಖಣ ನೇಯುತ್ತಿದ್ದ. ಹೆಂಡತಿ ಸಂಗವ್ವ ಮೂಲೆಯಲ್ಲಿ ಲಾಳಿಗೆ ನೂಲಿನ ಕಂಡಿಕೆ ಸುತ್ತುತ್ತಿದ್ದಳು.

ಇವರ ಒಬ್ಬಳೇ ಮಗಳು ಶಿವಗಂಗಾ, ತಾಯಿಯ ಬಾಯಲ್ಲಿ ಗಂಗಿ. ಮದುವೆಯಾದ ಎರಡನೆಯ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಧಾರವಾಡದಲ್ಲಿದ್ದ ಸೋದರಮಾವ ಮಲಕಾಜಪ್ಪನ ಮನೆಗೆ ಹೋಗಿದ್ದಳು. ಅಲ್ಲಿ ರೇಡಿಯೋ ನಾಟಕಗಳಲ್ಲಿ ಪಾತ್ರ ಮಾಡತೊಡಗಿದಳು. ಗಂಡ ಸತ್ತವಳು ಊರಿಗೆಲ್ಲ ಕೇಳುವಂತೆ ನಗುವುದೇ ಎಂದು ರಾಚಪ್ಪ ಕೆಂಡವಾದ. ಮಗಳು ಹೊಸ್ತಿಲು ತುಳಿಯಕೂಡದು, ಅವಳ ಹೆಸರು ಈ ಮನೆಯಲ್ಲಿ ಎತ್ತಕೂಡದು ಎಂದ. ಆದರೆ ನನ್ನ ಕಿವಿ ಹಿಂಡಬೇಡ ಎಂದು ಮಾತ್ರ ಹೆಂಡತಿಗೆ ಹೇಳಲಿಲ್ಲ. ಗಂಗಿಯ ದನಿ ಬಂತೆಂದರೆ ಮಗ್ಗದ ಲಾಳಿ ನಿಲ್ಲುತ್ತಿತ್ತು. ನೂಲು ಹರಿಯಿತೆಂದು ಆತ ತಲೆ ಬಗ್ಗಿಸಿ ಹುಡುಕುವನು. ನೂಲು ಹರಿದಿರುತ್ತಿರಲಿಲ್ಲ. ಗೂಡಿನ ಮೇಲಿಂದ ನನಗೆ ಎಲ್ಲ ಕಾಣುತ್ತಿತ್ತು.

ಸಂಗವ್ವನಿಗೆ ನಾನು ಕಿಟಕಿಯೇ ಆಗಿಬಿಟ್ಟೆ. ಒಮ್ಮೆ ಗಂಗಿ ಮಾತಿನ ನಡುವೆ ಕೆಮ್ಮಿದಳು. ಇವಳು ಜೀರಿಗೆ, ಮೆಣಸು ಕುಟ್ಟಿ ತಮ್ಮನ ಕೈಯಲ್ಲಿ ಕಳಿಸಿಕೊಟ್ಟಳು. ಹುಡುಗಿಗೆ ಖರೇನೇ ನೆಗಡಿಯಾಗಿತ್ತಂತೆ. ಅಂದಿನಿಂದ ನಾನು ಹೇಳಿದ್ದೇ ಆ ಮನೆಯಲ್ಲಿ ವೇದವಾಕ್ಯ.

ಒಂದು ದಿನ ಬೆಳಿಗ್ಗೆ ವಚನ ಹಾಡಿಸಿದೆ, ವಾರ್ತೆ ಓದಿಸಿದೆ. ರಾತ್ರಿ ‘ಸೊಸೆ ತಂದ ಬೆಕ್ಕು’ ಎಂಬ ನಗೆನಾಟಕವಿದೆ, ಸೊಸೆಯಾಗಿ ಶಿವಗಂಗಾ ಎಂದು ಸಾರಿದೆ. ಸಂಗವ್ವ ಕಣ್ಣರಳಿಸಿದಳು. ಮಹಿಳೆಯರ ಕಾರ್ಯಕ್ರಮದಲ್ಲಿ ಒಬ್ಬ ಅಮ್ಮನವರು ನಿಂಬೆಕಾಯಿ ಉಪ್ಪಿನಕಾಯಿ ತುಂಬಿಡುವ ಬಗೆ ವಿವರಿಸುತ್ತಿದ್ದಾಗ ಮಲಕಾಜಪ್ಪ ಒಳಗೆ ಬಂದ. ಮುಖ ಬಾಡಿತ್ತು.

“ಅಕ್ಕಾ, ಗಂಗಿಗೆ ಕಾಮಣಿ ಆಗೇತಿ, ಮೈಯೆಲ್ಲಾ ಹಳದಿ ಆಗೇತಿ. ದವಾಖಾನ್ಯಾಗ ಇಟ್ಟೇವಿ. ಅವ್ವಾ ಅವ್ವಾ ಅಂತ ಒಂದ ಸಮನ ಬಡಬಡಿಸಾಕತ್ಯಾಳ. ನಡೀರಿ, ಸಂಜಿ ಬಸ್ಸಿಗೆ ಹೋಗೂಣು.”

ಸಂಗವ್ವ ಕಂಡಿಕೆ ಬಿಟ್ಟು ಎದ್ದಳು. ಎರಡು ಸೀರೆ ಗಂಟು ಕಟ್ಟಿಕೊಂಡಳು. ರಾಚಪ್ಪ ಕುಣಿಯಿಂದ ಮೇಲೆ ಬರಲೇ ಇಲ್ಲ.

“ಇದೆಲ್ಲಾ ನಿಂದs ಆಟ, ಮಲಕಾಜಪ್ಪ. ರಾತ್ರಿ ನಾಟಕದಾಗ ಆಕಿ ಅದಾಳಂತ ಮುಂಜಾನೆನs ಹೇಳ್ಯಾರ. ಹಾಸಿಗಿ ಹಿಡದಾಕಿ ಹೆಂಗ ಪಾತ್ರ ಮಾಡ್ತಾಳ? ಹೆಂಗರ ಮಾಡಿ ನನ್ನ ಅಲ್ಲಿಗೆ ಎಳೀಬೇಕಂತ ಮಾಡೀರಿ.”

“ಅದು ಈಗಿಂದಲ್ಲ ಮಾಮಾ. ಮದಲs ಆಡಿಸಿ, ಮಾತು ಟೇಪಿನಾಗ ತುಂಬಿ ಇಟ್ಟಿರ್ತಾರಂತ.”

“ತುಂಬಿ ಇಡಾಕ ಮಾತೇನು ಉಪ್ಪಿನಕಾಯೇನೋ?”

ಮಲಕಾಜಪ್ಪನಿಗೂ ಅದು ಯಾರೋ ಹೇಳಿದ ಮಾತು, ಕಣ್ಣಾರೆ ಕಂಡದ್ದಲ್ಲ. ಸಂಗವ್ವ ಬಾಗಿಲಲ್ಲಿ ಗಂಟು ಹಿಡಿದು ಒಮ್ಮೆ ತಮ್ಮನನ್ನು, ಒಮ್ಮೆ ನನ್ನನ್ನು ನೋಡಿದಳು. ಆಗ ರಾಚಪ್ಪ ದನಿ ಇಳಿಸಿ ಹೇಳಿದ: “ರಾತ್ರಿ ಕೇಳೂಣು. ಆಕಿ ದನಿ ಬರಲಿಲ್ಲಂದ್ರ ನಸುಕಿನ ಬಸ್ಸಿಗೆ ನಾನs ಕರಕೊಂಡು ಹೊಕ್ಕೀನಿ.”

ಆ ಮಾತಿಗೆ ಸಂಗವ್ವ ಸೋತಳು. ಗಂಡ ಮಗಳ ಹತ್ತಿರ ಬರುತ್ತೇನೆ ಎಂದದ್ದು ಅದೇ ಮೊದಲು. ಮಲಕಾಜಪ್ಪ ಒಬ್ಬನೇ ಬಸ್ಸು ಹತ್ತಿದ.

ಸಂಜೆ ನಾನು ಹತ್ತಿಬೆಳೆಯ ಕೀಡೆಗಳ ಬಗ್ಗೆ ರೈತರಿಗೆ ಬುದ್ಧಿ ಹೇಳಿದೆ. ಪ್ರೊಫೆಸರೊಬ್ಬರು ನಕ್ಷತ್ರಗಳ ಸಂಗತಿ ತೆಗೆದು ನಡುನಡುವೆ ಗಂಟಲು ಸರಿಮಾಡಿಕೊಂಡರು. ಸಿತಾರ ಬಂತು, ಇನ್ನೇನು ಮುಗಿಯಿತೆಂದರೂ ಮುಗಿಯದೆ ಸಂಗವ್ವನ ಜೀವ ತಿಂದಿತು. ಇಬ್ಬರೂ ಊಟ ಮಾಡಿರಲಿಲ್ಲ.

ಕಡೆಗೆ ನಾಟಕ ಶುರುವಾಯಿತು. ಅತ್ತೆ ಬೈದಳು, ಬೆಕ್ಕು ಕೂಗಿತು, ಗಂಗಿ ಕಿಲಕಿಲನೆ ನಕ್ಕಳು. ತುಂಬಿದ, ಗಟ್ಟಿಯಾದ ದನಿ. ಕೆಮ್ಮಿನ ಸುಳಿವೂ ಇಲ್ಲ.

“ಕೇಳಿದ್ಯಾ?” ಎಂದ ರಾಚಪ್ಪ. ಗೆದ್ದವನ ಹಾಗೆ ಹೇಳಲು ಹೋದ, ಆದರೆ ಅವನ ಕಣ್ಣು ಒದ್ದೆಯಾಗಿತ್ತು. “ಆರಾಮ ಅದಾಳ.”

“ಅದಾಳ್ರಿ, ನನ್ನ ಕೂಸು ಆರಾಮ ಅದಾಳ,” ಎಂದು ಸಂಗವ್ವ ನನ್ನ ಮೈ ಸವರಿದಳು. ಗಂಟು ಬಿಚ್ಚಿ ಸೀರೆಗಳನ್ನು ಗಳದ ಮೇಲೆ ಹಾಕಿದಳು. ಬಿಸಿ ರೊಟ್ಟಿ ಬಡಿದು ಗಂಡನಿಗೆ ಬಡಿಸಿ ತಾನೂ ಹೊಟ್ಟೆತುಂಬ ಉಂಡಳು. ಬೆಕ್ಕಿನ ಮಾತು ನೆನೆಸಿಕೊಂಡು ಇಬ್ಬರೂ ನಕ್ಕರು. ಅಷ್ಟು ವರ್ಷದಲ್ಲಿ ಅವರು ಕೂಡಿ ನಕ್ಕದ್ದನ್ನು ನಾನು ನೋಡಿದ್ದು ಅಂದೊಂದೇ ಸಲ.

ಮೂರನೆಯ ದಿನ ಮಲಕಾಜಪ್ಪ ಮತ್ತೆ ಬಂದ. ಒಳಗೆ ಬರದೆ ಬಾಗಿಲಲ್ಲೇ ನಿಂತ.

“ಮಣ್ಣು ಕೊಟ್ಟು ಬಂದೆ, ಅಕ್ಕಾ. ನಾಟಕ ನಡದಾಗs ಹೋದಳು. ನೀವು ಬರ್ತೀರಂತ ಬಾಗಲಾ ನೋಡಕೋತs ಇದ್ಲು.”

ಸಂಗವ್ವ ಅಳಲಿಲ್ಲ. ಅವನ ಬೆನ್ನ ಹಿಂದೆ ಇನ್ನೂ ಯಾರಾದರೂ ಬಂದಿದ್ದಾರೋ ಎಂದು ಬೀದಿಯತ್ತ ಇಣುಕಿದಳು.

ಕೆಲವು ತಿಂಗಳ ಮೇಲೆ, ಕೇಳುಗರ ಬಯಕೆಯೆಂದು ಅದೇ ನಾಟಕ ಮತ್ತೆ ಬಂತು. ಗಂಗಿ ಅದೇ ಜಾಗದಲ್ಲಿ ಅದೇ ನಗು ನಕ್ಕಳು. ರಾಚಪ್ಪ ಧಡಕ್ಕನೆ ಎದ್ದು ನನ್ನ ಕಿವಿಗೆ ಕೈ ಹಾಕಿದ. ಸಂಗವ್ವ ಆ ಕೈ ಹಿಡಿದಳು.

“ಇರಲಿ ಬಿಡ್ರಿ. ಆವತ್ತು ನಂಬಿದ್ರೆಲಾ, ಇವತ್ತೂ ನಂಬ್ರಿ.”

ನಾಟಕ ಮುಗಿಯುವವರೆಗೂ ಅವಳು ಆ ಕೈ ಬಿಡಲಿಲ್ಲ. ಅವನು ನಿಂತೇ ಪೂರಾ ಕೇಳಿದ. ನಾನು ಬಾಯಿ ಮುಚ್ಚಿಕೊಳ್ಳಲು ಅಂದಿನಷ್ಟು ಹಂಬಲಿಸಿದ್ದು ಇನ್ನಾವತ್ತೂ ಇಲ್ಲ.

ಆಮೇಲೆ ಯಾರೂ ನನ್ನನ್ನು ಮುಟ್ಟಲಿಲ್ಲ. ವಾಲ್ವು ಸುಟ್ಟವೋ, ತಂತಿಗೆ ಜಂಗು ಹಿಡಿಯಿತೋ ನನಗೂ ತಿಳಿಯದು. ಈಗ ಅಟ್ಟದ ಮೇಲೆ ಮುರಿದ ಲಾಳಿಗಳ ಜೊತೆ ಮಲಗಿದ್ದೇನೆ. ನಾನು ಸುಳ್ಳು ಹೇಳಿದವನಲ್ಲ. ಗಾಳಿಯಲ್ಲಿ ಬಂದದ್ದನ್ನು ಬಂದ ಹಾಗೆ ಹೇಳಿದೆ. ಅದರಿಂದ ಒಬ್ಬ ತಾಯಿಗೆ ಮಗಳ ಕಡೆಯ ಮುಖ ತಪ್ಪಿತು ಎಂಬ ಸಂಕಟ ಮಾತ್ರ ನನ್ನನ್ನು ಬಿಟ್ಟಿಲ್ಲ.

ಕೆಳಗೆ ಸಂಗವ್ವ ಮುದುಕಿಯಾಗಿದ್ದಾಳೆ. ಓಣಿಯವರು ಕರೆದರೂ ಅಷ್ಟೇ, ಮಗ್ಗದ ಕುಣಿಯಿಂದ ಗಂಡ ಕರೆದರೂ ಅಷ್ಟೇ, ಬರೀ ದನಿಗೆ ಅವಳು ಕೂತಲ್ಲಿಂದ ಓಗೊಡುವುದಿಲ್ಲ. ಗೋಡೆ ಹಿಡಿದು ಎದ್ದು, ಹತ್ತಿರ ಹೋಗಿ, ಮುಖ ನೋಡಿದ ಮೇಲೆಯೇ ‘ಏನ್ರಿ’ ಅನ್ನುತ್ತಾಳೆ.