ಮತ್ತಾಯನ ಕೆಳದನಿ

"ಚಾಚಾ, ಎಡಗಡಿ ಬಾಗಿಲಿಗಿ ಕೈ ಹಚ್ಚಬ್ಯಾಡ್ರಿ. ಜುಮ್ಮಾ ನಮಾಜ ಮುಗಿಸಿ ಬಂದು ನಾನೇ ಕೂಡಸ್ತೇನಿ," ಎಂದು ತಲೆಗೆ ಟೋಪಿ ಏರಿಸಿಕೊಂಡು ಮಕ್ಸೂದ ಹೊರಟ.

ಬೀದರಿನ ಚಿದ್ರಿಯಲ್ಲಿದ್ದ ಅವನ ಸ್ಪೀಕರಿನ ಅಂಗಡಿಯ ಮುಂದೆ ಮತ್ತಾಯನ ಹಳೆಯ ಕಾರು ಬಾಗಿಲು ತೆರೆದುಕೊಂಡು ನಿಂತಿತ್ತು. ಬಲಬಾಗಿಲಲ್ಲಿ ಹೊಸ ಸ್ಪೀಕರು ಆಗಲೇ ಕೂತಿತ್ತು. ಊಟದ ತಟ್ಟೆಯಷ್ಟು ಎಂದರೆ ಅದಕ್ಕೆ ಅವಮಾನ, ಮದುವೆಮನೆಯ ಪರಾತದಷ್ಟು ಎನ್ನಬೇಕು. ಎಡಗಡೆಯದಕ್ಕೆ ಎರಡು ತಂತಿ ಕೂಡಿಸುವುದಷ್ಟೇ ಬಾಕಿ. ಆಸ್ಪತ್ರೆಯ ಕಂಪೌಂಡರನಾಗಿ ಅರ್ಧ ಬೀದರಿನ ಸೊಂಟಕ್ಕೆ ಸೂಜಿ ಚುಚ್ಚಿದ, ಉಳಿದರ್ಧವನ್ನು ಸೂಜಿ ತೋರಿಸಿಯೇ ವಾಸಿ ಮಾಡಿದ ಮನುಷ್ಯ, ಯಃಕಶ್ಚಿತ್ ಎರಡು ತಂತಿಗಾಗಿ ಕಾಯುತ್ತಾನೆಯೇ? ಮಕ್ಸೂದ ಗಲ್ಲಿಯ ತಿರುವು ದಾಟುವ ಮೊದಲೇ ಮತ್ತಾಯ ತಂತಿ ಸುತ್ತಿ, ಬಾಗಿಲ ಹಲಗೆ ಒತ್ತಿ ಕೂರಿಸಿ, ಕೈ ಕೊಡವಿಕೊಂಡಿದ್ದ. ಮಕ್ಸೂದ ಮರಳಿ ಬಂದಾಗ ಅಂಗಡಿಯ ಮುಂದೆ ಕಾರೇ ಇರಲಿಲ್ಲ.

ಇಷ್ಟೊಂದು ಅವಸರಕ್ಕೆ ಕಾರಣ ಭಾಲ್ಕಿಯ ಜಸ್ಟಿನ. ಮತ್ತಾಯನ ಹೆಂಡತಿ ಲಿಲ್ಲಿಯ ತಮ್ಮ, ಸಾಲಿ ಮಾಸ್ತರ, ಎದುರಿಗಿದ್ದವರ ಕಾಲೆಳೆಯದಿದ್ದರೆ ಉಂಡದ್ದು ಜೀರ್ಣವಾಗದ ಪ್ರಾಣಿ. ಮತ್ತಾಯನೋ, ಬೀದರಿನ ಚರ್ಚಿನ ಗಾಯನ ತಂಡದಲ್ಲಿ ಮೊದಲಿನಿಂದಲೂ ಎಲ್ಲರಿಗಿಂತ ತಗ್ಗಿನ ಸ್ವರ ಹಾಡುವ ಕೆಳದನಿಯವನು. ಅವನು ಒಮ್ಮೆ ಶ್ರುತಿ ಹಿಡಿದು ಇಳಿದರೆ ಕಮಠಾಣದ ಎಮ್ಮೆಗಳು ಮೇವು ಬಿಟ್ಟು ತಲೆಯೆತ್ತುತ್ತವೆ, ಔರಾದಿನ ಹೊಲಗಳಲ್ಲಿ ಒಣಗಿದ ತೊಗರಿ ಯಾರೂ ಬಡಿಯದೆ ಕಾಳು ಉದುರಿಸುತ್ತದೆ. ಆದರೆ ಕಳೆದ ಕ್ರಿಸ್‌ಮಸ್ಸಿನ ರೆಕಾರ್ಡಿಂಗನ್ನು ಮೊಬೈಲಿನಲ್ಲಿ ಹಚ್ಚಿದರೆ ಆ ದನಿ ನಾಪತ್ತೆ. ಕಾರಿನ ಹಳೆಯ ಸ್ಪೀಕರುಗಳಲ್ಲೂ ನಾಪತ್ತೆ. ಅವು ಬೆಂಕಿಪೊಟ್ಟಣದಲ್ಲಿ ಸಿಕ್ಕಿಬಿದ್ದ ಜೀರುಂಡೆಗಳಂತೆ ಕಿರುಗುಡುತ್ತಿದ್ದವು.

"ಭಾವಾರ, ನೀವು ಹಾಡಂಗೇ ಇಲ್ರಿ. ಮೀನಿನಂಗ ಬಾಯಿ ಅಷ್ಟೇ ಆಡಸ್ತೀರಿ," ಎಂದು ಜಸ್ಟಿನ ನೆಂಟರೆಲ್ಲರ ಮುಂದೆ ಅಂದುಬಿಟ್ಟ.

ನೆಂಟರ ನಗು ಅಡಗುವ ಮೊದಲೇ ಮತ್ತಾಯ ಮಾತು ಕೊಟ್ಟಿದ್ದ. ಬರುವ ಭಾನುವಾರ ಅದೇ ರೆಕಾರ್ಡಿಂಗಿನಲ್ಲಿ ತನ್ನ ದನಿ ಕೇಳಿಸುತ್ತೇನೆ, ಕೇಳದಿದ್ದರೆ ಹಾಡುವವರ ಸಾಲು ಬಿಟ್ಟು ಚರ್ಚಿನ ಬಾಗಿಲಲ್ಲಿ ಮೇಣದಬತ್ತಿ ಹಂಚುತ್ತ ನಿಲ್ಲುತ್ತೇನೆ ಎಂದು.

ಭಾನುವಾರ ಆರಾಧನೆ ಮುಗಿದದ್ದೇ ಗಂಡಹೆಂಡಿರು ಭಾಲ್ಕಿಯ ದಾರಿ ಹಿಡಿದರು. ಎಡಸೀಟಿನಲ್ಲಿ ಲಿಲ್ಲಿ, ಅವಳ ಕಾಲ ಬಳಿ ಕೋಳಿ ಸಾರಿನ ಡಬ್ಬಿ. ಹಾಡು ಶುರುವಾಯಿತು. ಹೆಂಗಸರ ದನಿ ಗಾಜಿನ ಬಳೆಯಂತೆ ಸ್ವಚ್ಛ. ಕೀಬೋರ್ಡು ಮಳೆ ಸುರಿದಂತೆ. ಮತ್ತಾಯನ ದನಿ ಮಾತ್ರ ಇಲ್ಲ.

"ಹೊಸಾ ಸ್ಪೀಕರ ಅವ, ಲಿಲ್ಲಿ. ಇನ್ನಾ ನಾಚತಾವ."

"ಶುಕ್ರವಾರದಿಂದ ನಾಚಲಿಕ್ಕತ್ತಾವ. ಮದಿಮಗಳೂ ಇಷ್ಟ ನಾಚಂಗಿಲ್ರಿ."

ಮತ್ತಾಯ ಕಾರನ್ನು ಬೇವಿನ ಮರದ ಕೆಳಗೆ ನಿಲ್ಲಿಸಿದ. ಹಾಡು ಇನ್ನೂ ನಡೆದೇ ಇತ್ತು. ಆಮೇಲೆ ಅವನ ಬಾಯಿಂದ ಎಂದೂ ಬಾರದಷ್ಟು ಸಣ್ಣ ದನಿ ಬಂತು.

"ಖರೇ ಹೇಳ, ಲಿಲ್ಲಿ. ನಾ ಹಾಡತೀನೋ ಇಲ್ಲೋ?"

ಸಾರಿನ ಡಬ್ಬಿ ಓರೆಯಾಗಿತ್ತು, ಲಿಲ್ಲಿ ಹಿಡಿಯಲು ಬಾಗಿದಳು. ಬಾಗಿದವಳು ಹಾಗೇ ಉಳಿದಳು, ಕಿವಿ ಬಾಗಿಲ ಸ್ಪೀಕರಿಗೆ ತಾಗಿತ್ತು.

"ತಡೀರಿ! ನೀವು ಇಲ್ಲೇ ಇದ್ದೀರಿ!" ಎದ್ದು ನೆಟ್ಟಗೆ ಕೂತಳು. "ಹೋದ್ರಿ." ಮತ್ತೆ ಬಾಗಿದಳು. "ಬಂದ್ರಿ! ಒಂದ ಬಾಗಿಲದಾಗ ಇದ್ದೀರಿ, ಎರಡೂ ಕೂಡಿದ್ರ ಇಲ್ಲ. ಇದ್ಯಾವ ಸೀಮಿ ಸ್ಪೀಕರ್ರಿ?"

ಫೋನು ಹಚ್ಚಿ ಸಂಗತಿ ಹೇಳಿದ ಕೂಡಲೇ ಮಕ್ಸೂದ ಒಂದೇ ಪ್ರಶ್ನೆ ಕೇಳಿದ: "ಎಡಗಡಿ ತಂತಿ ಯಾರು ಕೂಡಿಸ್ಯಾರ?"

ಮತ್ತಾಯ ಬೇವಿನ ಮರ ನೋಡಿದ. ಲಿಲ್ಲಿಯೇ ಹೇಳಿದಳು, "ನಿಮ್ಮ ಚಾಚಾನೇ ರೀ. ಮತ್ಯಾರ?"

"ಉಲ್ಟಾ ಕೂಡಿಸ್ಯಾರ ಚಾಚೀ. ಒಂದು ಸ್ಪೀಕರ ಹೊರಗ ದಬ್ಬಿದಾಗ ಇನ್ನೊಂದು ಒಳಗ ಜಗ್ಗತದ. ಸಣ್ಣ ದನಿ ಬಿಟ್ಟು, ಎರಡೂ ಕೂಡಿ ಚಾಚಾನ ದಪ್ಪ ದನಿ ಅಷ್ಟೇ ತಿಂದಾವ. ಆ ಎರಡು ತಂತಿ ಅದಲು ಬದಲು ಮಾಡ್ರಿ, ಸಾಕು."

ಬಾಗಿಲ ಹಲಗೆ ಎಬ್ಬಿಸಲು ಹತಾರವಿಲ್ಲ. ಸಾರು ಬಡಿಸುವ ಸೌಟಿನ ಹಿಡಿಕೆ ಇತ್ತು. ಮತ್ತಾಯ ಎಬ್ಬಿಸಿ ಹಿಡಿದ, ಲಿಲ್ಲಿ ತಂತಿ ಬದಲಿಸಿದಳು. ಹಾಡು ಮತ್ತೆ ಹಚ್ಚಿದರು. ಬೇವಿನ ಮರದಿಂದ ಹಾರಿದ ಗಿಳಿಗಳು ಮಹಾರಾಷ್ಟ್ರದ ಗಡಿ ದಾಟಿಯೇ ನಿಂತವು.

ಜಸ್ಟಿನನ ಅಂಗಳದಲ್ಲಿ ನೆಂಟರೆಲ್ಲ ನ್ಯಾಯ ಕೇಳಲು ಬಂದವರಂತೆ ಕುರ್ಚಿ ಹಾಕಿಕೊಂಡಿದ್ದರು. ಮತ್ತಾಯ ಕಾರಿನ ಬಾಗಿಲು ತೆರೆದು, ಹಾಡು ಹಚ್ಚಿದ. ಕೊನೆಯ ಸಾಲಿನಲ್ಲಿ ಎಲ್ಲರೂ ನಿಲ್ಲಿಸುತ್ತಾರೆ, ಕೆಳದನಿಯೊಂದೇ ಮೆಟ್ಟಿಲು ಇಳಿಯುತ್ತದೆ. ಇಳಿಯಿತು. ನೆಲ ಅಗೆದುಕೊಂಡು ಇಳಿಯಿತು. ಹಂಚುಗಳು ಗಡಗಡಿಸಿದವು, ಹಗ್ಗದ ಮೇಲಿನ ಲುಂಗಿ ತಾನಾಗಿ ಕೆಳಗೆ ಬಿತ್ತು, ಹಿತ್ತಲಿನ ಕೋಳಿ ಅವೇಳೆಯಲ್ಲಿ ಮೊಟ್ಟೆಯಿಟ್ಟಿತು. ಪಕ್ಕದ ಮನೆಯ ಅಕ್ತರಬೀ ಗೋಡೆಯ ಮೇಲಿಂದ ಮುಖ ತೋರಿಸಿದಳು.

"ಜಸ್ಟಿನ ಮಾಸ್ತರ, ಬೋರ ಹೊಡಸಲಿಕ್ಕತ್ತೀರೇನು? ನೀರು ಬಿತ್ತೇನ್ರಿ?"

"ಬೋರ ಅಲ್ರಿ ಅಕ್ಕಾ," ಎಂದಳು ಲಿಲ್ಲಿ, ಸೆರಗು ಸರಿಮಾಡಿಕೊಳ್ಳುತ್ತ. "ನಮ್ಮ ಯಜಮಾನ್ರು."

ಅಂಗಳಕ್ಕೆ ಅಂಗಳವೇ ಚಪ್ಪಾಳೆ ಹೊಡೆಯಿತು. ಮತ್ತಾಯನ ಎದೆ ಹಿಗ್ಗಿ ಅಂಗಿಯ ಗುಂಡಿಯೊಂದು ಹಾರಿ ಭಾಲ್ಕಿಯ ಸ್ಟೇಶನ್ನಿನಲ್ಲಿ ಸಿಕ್ಕಿತಂತೆ. ಜಸ್ಟಿನ ಮಾತ್ರ ಕೈ ತಟ್ಟಲಿಲ್ಲ. ಎದ್ದು ಬಂದು ಕಾರಿನೊಳಗೆ ಕೂತ.

"ಭಾವಾರ, ಇನ್ನೊಮ್ಮಿ ಹಚ್ಚರಿ."

ಎಲ್ಲರೂ ಊಟಕ್ಕೆ ಒಳಗೆ ಹೋದರು. ಎರಡು ಸಲ ಕರೆದರೂ ಜಸ್ಟಿನ ಬರಲಿಲ್ಲ. ಮತ್ತಾಯ ತಾನೇ ಅವನಿಗೊಂದು ತಟ್ಟೆ ಬಡಿಸಿಕೊಂಡು ಅಂಗಳಕ್ಕೆ ಬಂದ. ಗಾಜು ಏರಿಸಿದ್ದ ಕಾರಿನೊಳಗೆ ಜಸ್ಟಿನ ಕಣ್ಣು ಮುಚ್ಚಿ, ನಡುಗುವ ಬಾಗಿಲ ಹಲಗೆಯ ಮೇಲೆ ಅಂಗೈ ಊರಿ ಕೂತಿದ್ದ. ಮತ್ತಾಯ ಗಾಜು ತಟ್ಟಲಿಲ್ಲ. ತಟ್ಟೆ ಹಿಡಿದು ಬಿಸಿಲಲ್ಲಿ ನಿಂತ, ಹಾಡು ಮುಗಿಯಲಿ ಎಂದು.