ವಿಶ್ರಾಂತಿ ಎನ್ನಲೊಲ್ಲದ ತೊಕುಜಿ

ದುಡಿದು ಬಂದವರನ್ನು ಕಂಡರೆ ‘ದಣಿದಿರಿ’ ಎಂದು ತಲೆಬಾಗುವುದು, ಕೇಳಿಸಿಕೊಂಡವರು ‘ಅಯ್ಯೋ, ನನ್ನದೇನು, ನೀವೇ ದಣಿದಿರಿ’ ಎಂದು ಇನ್ನೂ ಕೆಳಗೆ ಬಾಗುವುದು ಜಪಾನಿನ ಚಿಚಿಬು ಸೀಮೆಯ ನಮ್ಮ ಕಣಿವೆಯ ಶಿಷ್ಟಾಚಾರ. ಆ ಮಾತಿಗೆ “ಹೌದು, ದಣಿದಿದ್ದೀನಿ, ಮೊಣಕಾಲು ಹಿಡ್ಕೊಂಡಿದೆ” ಎಂದು ನೇರವಾಗಿ ಉತ್ತರಿಸುವ ಏಕೈಕ ಪ್ರಾಣಿಯೆಂದರೆ ತೊಕುಜಿ. ಉಪಚಾರ ಹೇಳಿದವರು ಬಾಗಿದ ಬೆನ್ನನ್ನು ಎತ್ತಬೇಕೋ ಬೇಡವೋ ತಿಳಿಯದೆ ಹಾಗೇ ನಿಂತುಬಿಡುತ್ತಿದ್ದರು.

ಎಪ್ಪತ್ತು ದಾಟಿದ ಈ ಮನುಷ್ಯ ಸಪಾಟು ರಸ್ತೆಯಲ್ಲೂ ಏಡಿಯಂತೆ ಓರೆಯಾಗಿ ನಡೆಯುತ್ತಿದ್ದ; ಕಡಿದಾದ ಇಳಿಜಾರಿನಲ್ಲಿ ವರ್ಷಗಟ್ಟಲೆ ನೀರಿನ ಕೊಳವೆ ಹೊತ್ತು ಓಡಾಡಿದ್ದರ ಪ್ರಸಾದ ಅದು. ಅಗ್ನಿಶಾಮಕ ದಳದಿಂದ ಬಂದ ಅವನ ಹಳೆಯ ಕೋಟು ತುಂತುರಿಗೆ ತೊಯ್ದು, ಚಳಿಗೆ ಸೆಟೆದು, ಬಿಚ್ಚಿಟ್ಟ ಮೇಲೂ ಬಾಗಿಲಲ್ಲಿ ತಾನೇ ನಿಂತಿರುತ್ತಿತ್ತು. “ನನಗೆ ಇಬ್ಬರು ಗಂಡಂದಿರು. ಈ ಎರಡನೆಯವನು ಗೊಣಗಲ್ಲ ನೋಡಿ” ಎಂದು ಅದರ ತೋಳು ಮುಟ್ಟಿ ನಗುತ್ತಿದ್ದವಳು ಹೆಂಡತಿ ಹತ್ಸುಯೆ.

ಶಾಲೆ ಮುಚ್ಚಿ, ಚಳಿಗಾಲದಲ್ಲಿ ಕಣಿವೆಗೆ ನರಪಿಳ್ಳೆಯೂ ಬಾರದಂತಾದಾಗ ಊರಿನ ಕೆಲವರು ಸಂಘ ಕಟ್ಟಿಕೊಂಡು ಹುಟ್ಟುಹಾಕಿದ್ದು ಹಿಮದ ಬಿಳಲುಗಳ ವೈಭವ. ಹಳ್ಳದ ನೀರನ್ನು ಕೊಳವೆಯಲ್ಲಿ ಹಾಯಿಸಿ ಎದುರು ಬೆಟ್ಟದ ಮರಗಳ ಮೇಲೆ ಸಿಂಪಡಿಸಿದರೆ, ಅದು ಕೊಂಬೆಕೊಂಬೆಯಲ್ಲೂ ಹೆಪ್ಪುಗಟ್ಟಿ ಇಳಿದು, ಬೆಟ್ಟಕ್ಕೆ ಬೆಟ್ಟವೇ ಬಿಳಲು ಬಿಟ್ಟ ಆಲದಂತೆ ಕಾಣುತ್ತಿತ್ತು. ಟೋಕಿಯೋದಿಂದ ಬಂದ ಜನ ತೂಗುಸೇತುವೆಯ ಮೇಲೆ ನಿಂತು ಹೋ ಎನ್ನುತ್ತಿದ್ದರು, ಹತ್ಸುಯೆ ಕೊಡುವ ಬಿಸಿ ಸಿಹಿಗಂಜಿ ಕುಡಿದು ಹೊರಟುಹೋಗುತ್ತಿದ್ದರು. ತರಗೆಲೆ ಸಿಕ್ಕಿಕೊಂಡ ಕೊಳವೆ ಬಿಡಿಸಲು ಮಂಜಿನಲ್ಲಿ ಬೆಟ್ಟ ಹತ್ತುವ ಪಾಡು ಮಾತ್ರ ತೊಕುಜಿಯದು. ಬರಬರುತ್ತ ಚಳಿಯೂ ಕೈಕೊಟ್ಟಿತು. “ಇಷ್ಟೇನಾ? ಫೋಟೋದಲ್ಲಿ ದೊಡ್ಡದಾಗಿತ್ತಲ್ಲ!” ಎಂದು ಒಬ್ಬಾಕೆ ಮೂಗು ಮುರಿದಾಗ, “ಇಷ್ಟೇನಮ್ಮ. ಚಳಿ ಬರ್ಲಿಲ್ಲ, ನಾನೇನು ಮಾಡ್ಲಿ, ಉಫ್ ಅಂತ ಊದ್ಲಾ?” ಎಂದುಬಿಟ್ಟ.

ಕಳೆದ ಶರತ್ಕಾಲದಲ್ಲಿ, ಮತ್ತೆ ಕೊಳವೆ ಎಳೆಯಬೇಕಾದ ಹೊತ್ತಿಗೆ, ಸಂಘದಲ್ಲಿ ಉಳಿದ ನಾಲ್ವರು ಮುದುಕರು ಸಭೆ ಸೇರಿದರು. ಅಧ್ಯಕ್ಷ ಅರಾಫುನೆ ಗಂಟಲು ಸರಿಮಾಡಿಕೊಂಡು, “ಈ ವರ್ಷ ಒಂದ್ಸಲ ವಿಶ್ರಾಂತಿ ಕೊಡೋಣ ಅಂತ…” ಎಂದರು. ಉಳಿದಿಬ್ಬರು ಉಪ್ಪಿನಕಾಯಿ ತಟ್ಟೆ ನೋಡುತ್ತ ಹೂಂಗುಟ್ಟಿದರು.

“ಶಾಲೆಗೂ ವಿಶ್ರಾಂತಿ ಅಂದ್ರಿ, ಬಸ್ಸಿಗೂ ಅಂದ್ರಿ. ಯಾವ್ದಾದ್ರೂ ಎದ್ದು ಬಂತಾ?” ಎಂದ ತೊಕುಜಿ. “ನಿಲ್ಲಿಸ್ತೀವಿ ಅನ್ನೋಕೆ ಬಾಯಿಗೇನು ಬೀಗ ಹಾಕಿದ್ಯಾ?”

“ಹಂಗೆ ಕಡ್ಡಿ ಮುರಿದಂಗೆ ಹೇಳಕ್ಕಾಗುತ್ತಾ, ತೊಕು? ಊರೇ ಮುಗೀತು ಅಂದ್ಕೋತಾರೆ ಜನ.”

“ಅಂದ್ಕೊಳ್ಳಲಿ. ನನ್ನ ಕೈಲಿ ಇನ್ನಾಗಲ್ಲ. ಮುಗೀತು ಅಂತ ಹೇಳಿ ನನ್ನ ಬಿಟ್ಬಿಡಿ.”

ಅವನ ಹಟಕ್ಕೆ ಕಾರಣವಿತ್ತು. ಹರೆಯದಲ್ಲಿ ಅವನು ದೇವಾಲಯದ ಸಿಂಹನೃತ್ಯಕ್ಕೆ ಸಿಂಹದ ತಲೆ ಹೊತ್ತವನು. ಕುಣಿಯುವವರು ಕಡಿಮೆಯಾದಾಗ ಅದಕ್ಕೂ ವಿಶ್ರಾಂತಿ ಎಂದು, ದೀಪವಿಲ್ಲದೆ, ಕೈಮುಗಿಯದೆ ಆ ತಲೆಯನ್ನು ಪೆಟ್ಟಿಗೆಯೊಳಗಿಟ್ಟರು. ಎಷ್ಟೋ ವರ್ಷದ ಮೇಲೆ ತೆರೆದರೆ ಇಲಿಗಳು ಕೇಸರವನ್ನೆಲ್ಲ ತಿಂದುಹಾಕಿದ್ದವು. ಅಂದು ಅವನು ಬಿಕ್ಕಿ ಬಿಕ್ಕಿ ಅತ್ತನೆಂದು ಹತ್ಸುಯೆ ಹೇಳುತ್ತಾಳೆ. ಬಿಳಲುಗಳಿಗೂ ಅದೇ ಗತಿಯಾಗಬಾರದೆಂಬುದೊಂದೇ ಅವನ ಸಂಕಟ.

ಮಾರನೆಯ ಬೆಳಿಗ್ಗೆ ತೊಕುಜಿ ಒಬ್ಬನೇ ಬೆಟ್ಟ ಹತ್ತಿ, ಹಿಂದಿನ ಚಳಿಗಾಲದಿಂದ ಅಲ್ಲೇ ಉಳಿದಿದ್ದ ಕೊಳವೆಗಳನ್ನು ಕಿತ್ತು ಸುರುಳಿ ಸುತ್ತತೊಡಗಿದ. ಕೆಳಗಿನಿಂದ ಅರಾಫುನೆ, “ಇಳಿಯೋ ಮಾರಾಯ, ಬಿದ್ದು ಸಾಯ್ತೀಯ!” ಎಂದು ಕೂಗಿದರು.

“ಮುಗೀತು ಅಂತ ಹೇಳಿ, ಇಳೀತೀನಿ!”

ಅರಾಫುನೆ ಹೇಳಲಿಲ್ಲ. ಬೈದುಕೊಳ್ಳುತ್ತ ತಾವೇ ಹತ್ತಿದರು; ಅವರ ಹಿಂದೆ ಉಳಿದಿಬ್ಬರೂ. ಬೆಟ್ಟ ಬರಿದಾದ ಮೇಲೆ ನಾಲ್ವರೂ ಹಳ್ಳದ ನೆತ್ತಿಗೆ ಹೋಗಿ, ಅಕ್ಕಿಯ ಮದ್ಯವಾದ ಸಾಕೆಯನ್ನು ಸುರಿದು, ದೇವರೆದುರು ಮಾಡುವಂತೆ ಚಪ್ಪಾಳೆ ತಟ್ಟಿ ನಮಸ್ಕರಿಸಿದರು. ಅಲ್ಲಿಯೂ ಅಧ್ಯಕ್ಷರ ಬಾಯಿಂದ ಆ ಮಾತು ಹೊರಡಲಿಲ್ಲ.

ಜನವರಿಯಲ್ಲಿ ಅರಾಫುನೆಯವರ ಮನೆಯಲ್ಲಿ ತೊಕುಜಿ ಚಹಾ ಕುಡಿಯುತ್ತಿದ್ದಾಗ ಫೋನು ಬಂತು. ಈ ವರ್ಷ ಬಿಳಲು ಯಾವಾಗ ನೋಡಲು ಸಿಗುತ್ತದೆಂದು ಕೇಳಿದಳು ಊರಾಚೆಯ ಹೆಂಗಸೊಬ್ಬಳು. “ಈ ವರ್ಷ ವಿಶ್ರಾಂತಿ…” ಎಂದರು ಅರಾಫುನೆ. “ಹಾಗಾದ್ರೆ ಮುಂದಿನ ವರ್ಷ ಬರ್ತೀವಿ ಬಿಡಿ” ಎಂದಳು ಅವಳು. ತೊಕುಜಿ ಚಹಾದ ಬಟ್ಟಲನ್ನು ಕೆಳಗಿಟ್ಟ. ಅರಾಫುನೆ ಅವನ ಮುಖ ನೋಡಿ, ಫೋನಿಗೆ ಹೇಳಿದರು:

“ಇಲ್ಲಮ್ಮ. ಮುಂದಿನ ವರ್ಷಾನೂ ಇಲ್ಲ. ಮುಗಿಸಿಬಿಟ್ವಿ.”

ಆ ಕಡೆಯಿಂದ ಅವಳು, “ನಮ್ಮತ್ತೆ ಕಡೇ ಸಲ ಮನೆಯಿಂದ ಹೊರಗೆ ಬಂದಿದ್ದು ಅಲ್ಲಿಗೇ. ಸೇತುವೆ ಮೇಲೆ ಚಿಕ್ಕ ಹುಡುಗಿ ಥರ ಕುಣಿದ್ರು. ನಿಮಗೆ ಹೇಳ್ಲೇ ಇಲ್ಲ ನಾವು. ಬಹಳ ಉಪಕಾರವಾಯ್ತು” ಎಂದಳು. ಅರಾಫುನೆ ಫೋನಿಗೇ ತಲೆಬಾಗಿ, “ತಗೋ, ಇದು ನಿನಗೆ ಹೇಳಬೇಕಾದ್ದು” ಎಂದು ರಿಸೀವರನ್ನು ತೊಕುಜಿಯ ಕೈಗಿತ್ತರು. ಅದನ್ನು ಎರಡೂ ಕೈಯಲ್ಲಿ ಹಿಡಿದು ಅವನು ಕೇಳುತ್ತಲೇ ಕುಳಿತ.

ಮುಗಿಯಿತು ಎಂದು ಬಾಯಿಬಿಟ್ಟು ಹೇಳುವವರನ್ನು ನಾವು ಒರಟರೆಂದು, ಅಪಶಕುನ ನುಡಿಯುವವರೆಂದು ದೂರ ಕೂರಿಸುತ್ತೇವೆ. ಮುಂದಿನ ವರ್ಷ ಇದ್ದೇ ಇದೆ ಎಂದುಕೊಂಡವರು ಯಾರೂ ಯಾರಿಗೂ ಉಪಕಾರ ಸ್ಮರಿಸುವುದಿಲ್ಲ. ತೊಕುಜಿಯಂಥವರು ಊರಿಗೊಬ್ಬರಾದರೂ ಇಲ್ಲದೇ ಹೋದರೆ, ನಾವು ಮಣ್ಣಿಗೆ ಹೋದವರನ್ನೂ ಮಲಗಿದ್ದಾರೆಂದುಕೊಂಡು, ಅಳುವುದನ್ನೇ ಮರೆತುಬಿಡುತ್ತಿದ್ದೆವೋ ಏನೋ.