ಹಸಿದವನ ಪಾರ್ಟು

ನಾಟಕದಲ್ಲಿ ಭೀಮನಿದ್ದರೆ ಸುಖೇಶ, ಅಡುಗೆಭಟ್ಟನಿದ್ದರೆ ಸುಖೇಶ, ಲಂಚ ತಿನ್ನುವ ಫೌಜದಾರನಿದ್ದರೂ ಸುಖೇಶನೇ. ಪುಣೆಯ ನಮ್ಮ ಕನ್ನಡ ಶಾಲೆಯಲ್ಲಿ ಪಾತ್ರ ಹಂಚುವುದೆಂದರೆ ಹೊಟ್ಟೆ ಅಳೆಯುವುದು ಎಂದಾಗಿತ್ತು. ನನಗದು ಕಂಡರೆ ಮೈ ಉರಿಯುತ್ತಿತ್ತು. ಮುಖ ನೋಡಿ ಮಣೆ ಹಾಕುವ ಈ ಚಾಳಿ ಬಿಡಿಸಬೇಕೆಂದೇ ಈ ವರ್ಷ ಏಳನೆಯ ತರಗತಿಯ ನಾಟಕದ ಪಿರಿಯಡ್ಡನ್ನು ಕಂಪ್ಯೂಟರ್ ಕೋಣೆಗೆ ಒಯ್ದೆ.

ಉಪವಾಸ ಬಿದ್ದವನೊಬ್ಬ ಗುರುತಿಲ್ಲದ ಮನೆಯ ಬಾಗಿಲಿಗೆ ಬಂದಿದ್ದಾನೆ, ಏನು ಹೇಳುತ್ತಾನೆ? ಮಕ್ಕಳು ಒಬ್ಬೊಬ್ಬರಾಗಿ ಕಂಪ್ಯೂಟರಿನಲ್ಲಿ ತಮ್ಮ ಮಾತು ರೆಕಾರ್ಡ್ ಮಾಡಿದರು. ನಾನು ಹೆಸರು ತೆಗೆದು ನಂಬರು ಹಾಕಿ ಎಲ್ಲರಿಗೂ ಕೇಳಿಸಿ, ಹೆಚ್ಚು ಕೈ ಎದ್ದವರಿಗೇ ಆ ಪಾರ್ಟು ಎಂದೆ. ಇಡೀ ತರಗತಿ ಒಂದೇ ದನಿಗೆ ಕೈ ಎತ್ತಿತು. ಹೆಸರು ತೆರೆದರೆ ಸುಖೇಶ! ಮಕ್ಕಳೆಲ್ಲ ಹೋ ಎಂದು ನಕ್ಕರು.

ಅವನು ನಗಲಿಲ್ಲ. "ಟೀಚರ್, ಇನ್ನು ಬದಲಾಯಿಸುದಿಲ್ಲ ಅಲ್ವಾ?" ಎಂದು ಕೇಳಿದ. ಬೇರೆ ಯಾವ ಪಾತ್ರಕ್ಕೂ ಅವನು ಹಾಗೆ ಆಸೆಪಟ್ಟದ್ದನ್ನು ನಾನು ಕಂಡಿರಲಿಲ್ಲ.

ಮರುದಿನ ಅವನ ತಾಯಿ ವಸಂತಿ ಬಂದರು. ಚಿಂಚವಾಡದಲ್ಲಿ ಅವರದು ಹೋಟೆಲು.

"ಎಂತ ಟೀಚರೇ ಇದು? ಅರ್ಧ ಚಿಂಚವಾಡಕ್ಕೆ ಊಟ ಹಾಕುವವರು ನಾವು. ನಮ್ಮ ಹುಡುಗ ಸ್ಟೇಜಲ್ಲಿ ಅನ್ನಕ್ಕೆ ಕೈ ಚಾಚುದಾ? ಆ ಪಾರ್ಟು ಬೇರೆಯವರಿಗೆ ಕೊಡಿ ಮಾರಾಯ್ರೆ."

ಬಾಗಿಲಲ್ಲಿ ನಿಂತಿದ್ದ ಸುಖೇಶನ ಮುಖ ಬಾಡಿತು. ನನಗೋ ಸಿಟ್ಟು ಮೂಗಿನ ತುದಿಯಲ್ಲೇ.

"ಮೊದಲ ಕೂಡ್ರಿ ವಸಂತಿಯವರ. ಕೇಳ್ರಿ, ಆಮ್ಯಾಲ ಬೈರಿ," ಎಂದು ಕಂಪ್ಯೂಟರ್ ಹಚ್ಚಿದೆ. ಯಾರ ದನಿ ಯಾವುದೆಂದು ಹೇಳಲಿಲ್ಲ.

ಮೊದಲ ಹುಡುಗ "ತಾಯೀ, ಅನ್ನ ಹಾಕಿ!" ಎಂದು ಊರು ಒಂದಾಗುವಂತೆ ಕೂಗಿದ. ಎರಡನೆಯವಳು ಬಿಕ್ಕಿ ಬಿಕ್ಕಿ ಅತ್ತಳು.

"ಹಸಿದವರಿಗೆ ಇಷ್ಟು ಶಕ್ತಿ ಉಂಟಾ?" ಎಂದರು ವಸಂತಿ.

ಮೂರನೆಯ ದನಿ ಮೆಲ್ಲಗಿತ್ತು. "ಅಕ್ಕಾ, ಸ್ವಲ್ಪ ನೀರು ಸಿಗ್ತದಾ?" ಆಮೇಲೆ ಸ್ವಲ್ಪ ತಡೆದು, "ಊಟ ಎಲ್ಲ ಆಗಿದೆ ನಂದು."

ಹೆತ್ತವಳಿಗೆ ನಂಬರು ಬೇಕೇ? ವಸಂತಿ ಮಗನ ಕಡೆ ತಿರುಗಿದರು.

"ಇದು ನಿಂಗೆ ಯಾರು ಹೇಳಿಕೊಟ್ಟದ್ದು ಮಗಾ?"

"ಯಾರೂ ಇಲ್ಲ ಅಮ್ಮ. ಗಲ್ಲಾದಲ್ಲಿ ಕೂತಾಗ ನೋಡಿದ್ದು. ರೇಟಿನ ಬೋರ್ಡ್ ನೋಡಿ, ನೀರು ಮಾತ್ರ ಕುಡಿದು ಹೋಗ್ತಾರಲ್ಲ, ಅವರು."

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನೇ ಅಲ್ವಾ ಅವರನ್ನು ಏಳಿಸಿ ಟೇಬಲ್ ಖಾಲಿ ಮಾಡಿಸುದು?"

ಹುಡುಗ ಚುಚ್ಚಲೆಂದು ಹೇಳಿದ್ದಲ್ಲ, ಇದ್ದದ್ದು ಹೇಳಿದ. ವಸಂತಿ ಸೆರಗು ಸರಿ ಮಾಡಿಕೊಂಡು ಎದ್ದರು. "ಪಾರ್ಟು ಇವನೇ ಮಾಡ್ಲಿ ಟೀಚರೇ," ಎಂದಷ್ಟೇ ಹೇಳಿ ಹೋದರು. ನನಗೆ ಅವರ ಮೇಲೆ ಅಲ್ಲಿಯವರೆಗೆ ಇಲ್ಲದ ಪ್ರೀತಿ ಬಂತು.

ಶಾಲೆಯ ವಾರ್ಷಿಕ ಗ್ಯಾದರಿಂಗಿನ ಸಂಜೆ ಪರದೆ ಸರಿದಾಗ, ಸುಖೇಶನ ಗಾತ್ರ ನೋಡಿ ಹಿಂದಿನ ಸಾಲಿನವರು ಕಿಸಕ್ಕೆಂದರು. ಅವನು ಮನೆಯ ಕಟ್ಟೆಯ ಮೇಲೆ ಕೂತ. ಒಳಗೆ ಮನೆಯೊಡತಿಯ ಪಾರ್ಟಿನ ರೇಣು ತನ್ನ ನಾಟಕದ ಮಕ್ಕಳಿಗೆ ಬಡಿಸುತ್ತಿದ್ದಳು. ಅವನು ತಟ್ಟೆಯ ಕಡೆ ನೋಡಲಿಲ್ಲ, ಬಡಿಸುವ ಸದ್ದು ಬಂದಾಗಲೆಲ್ಲ ಅಂಗಿಯ ಗುಂಡಿ ಹಾಕಿದ್ದನ್ನೇ ಮತ್ತೆ ಹಾಕಿಕೊಂಡ. ನಗು ತಾನಾಗಿ ನಿಂತಿತು.

ಆಗ ಮುಂದಿನ ಸಾಲಿನಿಂದ ವಸಂತಿ ಎದ್ದು ನಿಂತೇಬಿಟ್ಟರು.

"ಹೊರಗೆ ಒಬ್ಬ ಕೂತಿದ್ದಾನೆ, ಕಾಣುದಿಲ್ವಾ ನಿಮಗೆ? ಬಡಿಸಿ ಅವನಿಗೆ!"

ಇಡೀ ಹಾಲ್ ತಿರುಗಿ ನೋಡಿತು. ರೇಣು ಗಾಬರಿಯಿಂದ ಸೌಟು ಹಿಡಿದು ನಿಂತಳು. ಸುಖೇಶ ಮಾತ್ರ, ಆ ಹೆಂಗಸು ಯಾರೋ ಏನೋ ಎಂಬಂತೆ ತಲೆ ಎತ್ತಿ, "ಬೇಡ ಅಕ್ಕಾ, ಊಟ ಆಗಿದೆ ನಂದು," ಎಂದ.